ಪನಿಯಡಿಮನ ಆಳಿಲ್ಲದ ರಾಕೆಟ್ಟು

ಮಧ್ಯಾಹ್ನದ ಗಂಜಿ ಕುಡಿದು ನಮ್ಮ ಕರೆಯ, ಅಂದರೆ ಕಡಲಂಚಿನ ಕೇರಿಯ, ಗಂಡಸರೆಲ್ಲ ತೆಂಗಿನ ನೆರಳಲ್ಲಿ ಬಲೆ ಸರಿಮಾಡುತ್ತಲೋ ಇಸ್ಪೀಟು ಕಲೆಸುತ್ತಲೋ ಕಾಲ ಕಳೆಯುವ ಹೊತ್ತಿನಲ್ಲಿ ಪನಿಯಡಿಮ ಒಬ್ಬನೇ ವಾಚನಾಲಯದ ಮೂಲೆಯ ಕಂಪ್ಯೂಟರಿನ ಮುಂದೆ ಕೂತು ರಾಕೆಟ್ಟು ಹಾರಿಸುತ್ತಿದ್ದ. ಹಾರಿಸುತ್ತಿದ್ದ ಅನ್ನುವುದು ಮರ್ಯಾದೆಯ ಮಾತು. ಬೀಳಿಸುತ್ತಿದ್ದ ಅನ್ನುವುದು ನಿಜ. ಬೆಂಕಿ ಉಗುಳಿಕೊಂಡು ನೆಟ್ಟಗೆ ಏಳುವ ರಾಕೆಟ್ಟು ಮೋಡದ ಹತ್ತಿರ ಹೋಗುತ್ತಲೇ ಮೂತಿಯನ್ನು ಒಂದಿಷ್ಟು ಆಚೀಚೆ ಆಡಿಸಿ, ಆಮೇಲೆ ಕುಡಿದವನು ಹೊಸ್ತಿಲು ಎಡವಿದ ಹಾಗೆ ಪಕ್ಕಕ್ಕೆ ವಾಲಿ, ಬಾಲ ಮೇಲೆ ಮಾಡಿಕೊಂಡು ಕೆಳಗೆ ಬರುತ್ತಿತ್ತು.

ವಾಚನಾಲಯ ನೋಡಿಕೊಳ್ಳುವ ಲತಿಕ ತನ್ನ ಮೇಜಿನಿಂದ ತಲೆ ಎತ್ತದೆಯೇ ಕೇಳುತ್ತಿದ್ದಳು.

"ಬಿತ್ತಾ ಪನಿಯಣ್ಣಾ?"

"ಬಿತ್ತು."

"ಒಳಗೆ ಯಾರಾದ್ರೂ ಇದ್ರಾ?"

"ಯಾರೂ ಇರ್ಲಿಲ್ಲ."

"ಹಾಗಾದ್ರೆ ಬೀಳ್ಲಿ ಬಿಡಿ. ಕರೆಂಟು ಮಾತ್ರ ನಮ್ದು."

ದಿನಾ ಇದೇ ಮಾತು. ಅವನಿಗೆ ಆ ದಿನದಲ್ಲಿ ಸಿಕ್ಕುತ್ತಿದ್ದ ಮಾತೂ ಅಷ್ಟೇ ಅಂತ ಲತಿಕಳಿಗೆ ಗೊತ್ತಿತ್ತೋ ಇಲ್ಲವೋ, ಕೇಳುವುದನ್ನಂತೂ ಆಕೆ ಯಾವತ್ತೂ ತಪ್ಪಿಸಲಿಲ್ಲ.

ಪನಿಯಡಿಮನಿಗೆ ಐವತ್ತು ದಾಟಿದೆ. ಮದುವೆಯಾಗಲಿಲ್ಲ. ಯಾಕೆ ಅಂತ ಕೇಳಿದರೆ ಕೇಳಿದವರ ಮುಖವನ್ನೇ ನೋಡುತ್ತಾನೆ, ಅವರೇ ನಾಚಿಕೊಂಡು ಮಾತು ಬದಲಿಸಬೇಕು. ತಂಗಿಯರನ್ನು ಒಂದೊಂದು ಮನೆ ಸೇರಿಸಿ, ಕಾಯಿಲೆಬಿದ್ದ ತಾಯಿಯನ್ನು ನೋಡಿಕೊಂಡು, ಆಕೆಯನ್ನು ಮಣ್ಣು ಮಾಡಿ ತಿರುಗಿ ನೋಡುವಷ್ಟರಲ್ಲಿ ವಯಸ್ಸು ಮುಗಿದಿತ್ತು. ದೊಡ್ಡ ಕಥೆಯೇನೂ ಇಲ್ಲ ಅದರಲ್ಲಿ.

ಆ ಆಟವನ್ನು ಯಾವುದೋ ವಿಜ್ಞಾನದ ದಿನಾಚರಣೆಗೆ ಬಂದವರು ಕಂಪ್ಯೂಟರಿನೊಳಗೆ ಹಾಕಿಹೋಗಿದ್ದರು. ರಾಕೆಟ್ಟು ನಮಗೆ ಹೊಸತಲ್ಲ. ತುಂಬಾ ಅನ್ನುವ ಊರಿನ ರಾಕೆಟ್ ಕೇಂದ್ರದ ಬೇಲಿ ನಮ್ಮ ಕರೆಗೆ ತಾಗಿಕೊಂಡೇ ಇದೆ. ಅಲ್ಲಿ ಕೆಂಪು ಬಾವುಟ ಏರಿದರೆ ನಾವು ದೋಣಿ ಇಳಿಸುವ ಹಾಗಿಲ್ಲ. ಇವತ್ತಿನ ಮೀನು ಹೋಯಿತಲ್ಲ ಅಂತ ಬಾಯಿತುಂಬ ಬೈಯುತ್ತೇವೆ, ಅದು ಹಾರುವಾಗ ಅದೇ ಬಾಯಿ ತೆರೆದುಕೊಂಡು ಮೇಲೆ ನೋಡುತ್ತೇವೆ. ಆಟದಲ್ಲಿ ಒಂದೊಂದೇ ಡಬ್ಬಿ, ಕೊಳವೆ, ರೆಕ್ಕೆ ಆರಿಸಿ ಒಂದರ ಮೇಲೊಂದು ಜೋಡಿಸಿ ರಾಕೆಟ್ಟು ಕಟ್ಟಬೇಕು. ತುದಿಯಲ್ಲಿ ಒಂದು ಗೂಡು, ಗೂಡಿನೊಳಗೆ ಕಿತ್ತಳೆ ಬಣ್ಣದ ಅಂಗಿ ತೊಟ್ಟ ಗೊಂಬೆ. ರಾಕೆಟ್ಟು ಏಳುವಾಗ ಪರದೆಯ ಮೂಲೆಯ ಚೌಕದಲ್ಲಿ ಆ ಗೊಂಬೆಯ ಮುಖ ಕಾಣುತ್ತದೆ, ಹಲ್ಲು ಕಿರಿದು ಕೈಯಾಡಿಸುತ್ತದೆ.

ಮೊದಲ ಸಲ ಪನಿಯಡಿಮ ಗೊಂಬೆಯನ್ನು ಕೂರಿಸಿಯೇ ಹಾರಿಸಿದ. ರಾಕೆಟ್ಟು ಬಿತ್ತು. ಮೂಲೆಯ ಚೌಕ ಕಪ್ಪಾಯಿತು. ಅವನು ಎದ್ದು, ಯಾರಿಗೂ ಹೇಳದೆ ಚಪ್ಪಲಿಯನ್ನೂ ಮರೆತು ಮನೆಗೆ ಹೋದ. ಹಲವು ದಿನ ಆ ಕಡೆ ತಲೆಹಾಕಲಿಲ್ಲ. ಮತ್ತೆ ಬಂದಾಗ ಗೂಡನ್ನೇ ಕಿತ್ತುಹಾಕಿ, ಅದರ ಜಾಗದಲ್ಲಿ ಅಂಗೈಯಷ್ಟು ದೊಡ್ಡ ಡಬ್ಬಿ ಇಟ್ಟ. ಅದು ಆಳಿಲ್ಲದ ರಾಕೆಟ್ಟಿನ ಮೆದುಳು. ಬ್ಯಾಟರಿ ಇದ್ದರೆ ಸಾಕು, ಕೂತಲ್ಲಿಂದಲೇ ಹೇಳಿದ ಹಾಗೆ ಕೇಳುತ್ತದೆ. ಅಂದಿನಿಂದ ಅವನ ರಾಕೆಟ್ಟುಗಳಲ್ಲಿ ಆಳಿಲ್ಲ. ಅಂದಿನಿಂದಲೇ ಅವು ಒಂದೂ ಬಿಡದೆ ಮಗುಚಿ ಬೀಳತೊಡಗಿದವು.

ಮಗುಚುವುದು ಅಂದರೆ ಏನು ಅಂತ ಪನಿಯಡಿಮನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅವನೂ ಸಿಲುವದಾಸನೂ ಮೂವತ್ತು ವರ್ಷ ಒಂದೇ ದೋಣಿಯಲ್ಲಿ ಹೋದವರು. ಇಬ್ಬರೇ ಹಿಡಿಯುವ ಚಿಕ್ಕ ಫೈಬರ್ ದೋಣಿ. ದೋಣಿ ಸಿಲುವದಾಸನದು, ಹಿಂದಿನ ಎಂಜಿನ್ನಿನ ಹಿಡಿ ಪನಿಯಡಿಮನದು. ಮುಂದೆ ಮೂತಿಯ ಹಲಗೆಯ ಮೇಲೆ ಸಿಲುವದಾಸನ್ ಕೂರುತ್ತಿದ್ದ. ಪಂದ್ಯ ಕಟ್ಟಿ ಹೇಳುತ್ತೇನೆ, ಅಷ್ಟು ವರ್ಷದಲ್ಲಿ ಪನಿಯಡಿಮ ಸಮುದ್ರಕ್ಕಿಂತ ಹೆಚ್ಚು ನೋಡಿದ್ದು ಆ ಬೆನ್ನನ್ನು. ಬೆನ್ನು ಬಿಗಿಯಾದರೆ ಮುಂದೆ ದೊಡ್ಡ ಅಲೆ ಇದೆ ಅಂತ. ಬೆನ್ನು ಸಡಿಲಾದರೆ ಅಲೆ ದಾಟಿತು, ಬೀಡಿ ಹಚ್ಚಬಹುದು ಅಂತ. "ಎಡಕ್ಕಾ?" ಅಂತ ಇವನು ಕೂಗಿದರೆ ಅವನು ತಿರುಗಿಯೂ ನೋಡದೆ ಒಂದು ಹೆಗಲು ಕುಣಿಸುತ್ತಿದ್ದ. ಇಬ್ಬರೂ ದಡದಲ್ಲಿ ಹೆಚ್ಚು ಮಾತಾಡಿದವರಲ್ಲ. ಬೇಕಿರಲಿಲ್ಲ.

ಹೋದ ಮಳೆಗಾಲದ ಕರ್ಕಟಕ ಮಾಸದಲ್ಲಿ, ಬೆಳಗ್ಗೆ ಅಲೆ ದಾಟುವಾಗ, ದೋಣಿ ಅಡ್ಡವಾಗಿ ಮಗುಚಿತು. ಯಾರ ತಪ್ಪೂ ಅಲ್ಲ; ಅಂಥ ಅಲೆ ಅದು, ದಡದಲ್ಲಿ ನಿಂತು ನೋಡಿದವರೆಲ್ಲ ಹಾಗೆಯೇ ಹೇಳಿದರು. ಪನಿಯಡಿಮನ ಬಲದ ಹೆಗಲು ಮುರಿಯಿತು. ಸಿಲುವದಾಸನ್ ಬದುಕಲಿಲ್ಲ. ದೋಣಿ ಮಾತ್ರ ಒಂದು ಗೀರೂ ಇಲ್ಲದೆ ತಾನಾಗಿ ದಡಕ್ಕೆ ಬಂದು ಕೂತಿತು. ಅಂದಿನಿಂದ ಅದು ಮರಳಿನ ಮೇಲೆ ಬೋರಲು ಬಿದ್ದಿತ್ತು.

ಹೆಗಲು ಕೂಡಿಕೊಂಡಿತು, ಪನಿಯಡಿಮ ಮಾತ್ರ ಸಮುದ್ರಕ್ಕೆ ಹೋಗಲಿಲ್ಲ. ಕರೆದವರಿಗೆಲ್ಲ ಹೆಗಲು ತೋರಿಸಿದ. ಮೊದಲು ಪಾಪ ಅಂದವರು ಆಮೇಲೆ ರಾಕೆಟ್ ಪನಿ ಅಂತ ಹೆಸರಿಟ್ಟರು. "ಏನು ರಾಕೆಟ್ಟೇ, ಚಂದ್ರನಲ್ಲಿ ಬಂಗುಡೆ ಸಿಗುತ್ತಾ?" ಅಂತ ಇಸ್ಪೀಟಿನವರು ಕೆಣಕುತ್ತಿದ್ದರು. ಅವನು ನಕ್ಕು ಮುಂದೆ ಹೋಗುತ್ತಿದ್ದ. ತಂಗಿಯ ಗಂಡ ತಿಂಗಳಿಗಿಷ್ಟು ಕಳಿಸುತ್ತಿದ್ದ, ಬಲೆ ಹೆಣೆದರೆ ಒಂದಿಷ್ಟು ಬರುತ್ತಿತ್ತು, ಹೇಗೋ ನಡೆಯುತ್ತಿತ್ತು. ನಡೆಯದೆ ಇದ್ದದ್ದು ಒಂದೇ, ಮೀನು. ಸಮುದ್ರಕ್ಕೆ ಹೋಗುವವನ ಮನೆಗೆ ಮೀನು ತಾನಾಗಿ ಬರುತ್ತದೆ. ಹೋಗದವನು ಕೊಳ್ಳಬೇಕು. ನಮ್ಮಲ್ಲಿ ಒಬ್ಬ ಗಂಡಸು ದುಡ್ಡು ಕೊಟ್ಟು ಮೀನು ತರುವುದೆಂದರೆ ಮಾನ ಬಿಟ್ಟಂತೆ. ಪನಿಯಡಿಮ ಬಸ್ಸು ಹತ್ತಿ, ತನ್ನ ಗುರುತು ಯಾರಿಗೂ ಇರದ ದೂರದ ಪೇಟೆಗೆ ಹೋಗಿ, ಒಬ್ಬಳು ಮುದುಕಿಯ ಹತ್ತಿರ ಕೊಂಡು, ಚೀಲದ ಮೇಲೆ ಬದನೆಕಾಯಿ ಮುಚ್ಚಿಕೊಂಡು ಬರುತ್ತಿದ್ದ. ಆ ಮುದುಕಿ ಒಳ್ಳೆಯವಳು, ಯಾವಾಗಲೂ ಇದ್ದುದರಲ್ಲಿ ತಾಜಾ ಮೀನನ್ನೇ ಆರಿಸಿ ಹಾಕುತ್ತಿದ್ದಳು. ಅವನು ಅದನ್ನು ಸಾರು ಮಾಡಿ, ಒಂದೇ ತಟ್ಟೆ ಇಟ್ಟುಕೊಂಡು ಉಣ್ಣುತ್ತಿದ್ದ. ಉಂಡ ತಟ್ಟೆಯನ್ನು ತೊಳೆಯುವಾಗ, ಈ ಮನೆಯಲ್ಲಿ ಇವತ್ತು ಒಂದು ಶಬ್ದವೂ ಆಗಲಿಲ್ಲವಲ್ಲ ಅಂತ ಹೊಳೆಯುತ್ತಿತ್ತು.

ಸಿಲುವದಾಸನ ಹೆಂಡತಿ ಬ್ರಿಜೀತಳ ಮನೆಯ ದಾರಿಯನ್ನೇ ಅವನು ಬಿಟ್ಟಿದ್ದ. ಅವಳು ದೂರದಲ್ಲಿ ಕಂಡರೆ ಇಗರ್ಜಿಯ ಗೋಡೆ ಸುತ್ತಿ ಹೋಗುತ್ತಿದ್ದ.

ಹಾಗಿರುವಾಗ ಒಂದು ಮಧ್ಯಾಹ್ನ ಬ್ರಿಜೀತಳೇ ವಾಚನಾಲಯಕ್ಕೆ ಬಂದಳು. ಮೀನಿನ ಬೋಗುಣಿಯನ್ನು ಹೊರಗಿನ ಕಟ್ಟೆಯ ಮೇಲಿಟ್ಟು, ತಲೆಯ ಸಿಂಬಿಯನ್ನು ಕೈಯಲ್ಲಿ ಹಿಡಿದುಕೊಂಡು ಒಳಗೆ ನುಗ್ಗಿದಳು. ಪತ್ರಿಕೆ ಓದುತ್ತಿದ್ದ ಪಿಂಚಣಿದಾರರು ಮೂಗು ಮುಚ್ಚಿಕೊಳ್ಳುವುದೋ ಬೇಡವೋ ಅಂತ ಒದ್ದಾಡಿದರು. ಪನಿಯಡಿಮನಿಗೆ ಸುತ್ತಿ ಹೋಗಲು ಗೋಡೆ ಇರಲಿಲ್ಲ.

"ಅಣ್ಣಾ, ದೋಣಿ ಮಾರ್ತಾ ಇದೀನಿ," ಅಂದಳು. "ತೆಂಕಣ ಕರೆಯ ಗ್ರಿಗೋರಿ ಮುದಲಾಳಿ ಶನಿವಾರ ಬರ್ತಾರೆ."

ಗ್ರಿಗೋರಿ ಹಲವು ದೋಣಿಗಳ ಒಡೆಯ, ಮುಖಸ್ತುತಿಗೂ ಚೌಕಾಸಿಗೂ ಹೆಸರಾದವನು. ಪನಿಯಡಿಮ ಪರದೆಯನ್ನೇ ನೋಡುತ್ತ ಹೂಂ ಅಂದ.

"ಹೂಂ ಅಂದ್ರೆ ಆಗಲ್ಲ. ಆಳು ಸತ್ತ ದೋಣಿ ಅಂತಾರೆ ಅವರು. ಬದುಕಿ ಬಂದವನು ಒಂದು ಸಲ ಅಲೆ ದಾಟಿಸಿ, ಹಿಂದೆ ತಂದು ನಿಲ್ಲಿಸಿದ್ರೆ ಮಾತ್ರ ತಗೋತಾರಂತೆ."

ಇದು ಗ್ರಿಗೋರಿಯ ಸೃಷ್ಟಿಯಲ್ಲ, ನಮ್ಮಲ್ಲಿ ಯಾರು ಕೊಂಡರೂ ಕೇಳುವ ಮಾತೇ. ಇನ್ನೊಂದು ಕಟ್ಟಳೆಯೂ ಇದೆ: ಸತ್ತವನ ವರ್ಷದ ಪೂಜೆ ಆಗುವ ತನಕ ಅವನು ಕೂರುತ್ತಿದ್ದ ಹಲಗೆಯ ಮೇಲೆ ಬೇರೆ ಯಾರೂ ಕೂರುವ ಹಾಗಿಲ್ಲ. ಎರಡನ್ನೂ ಕೂಡಿಸಿದರೆ ಅರ್ಥ ಇಷ್ಟೇ, ಪನಿಯಡಿಮ ಒಬ್ಬನೇ ಹೋಗಬೇಕು, ಮೂತಿ ಖಾಲಿ ಬಿಟ್ಟುಕೊಂಡು.

"ನನ್ನ ಹೆಗಲು..." ಅಂತ ಶುರುಮಾಡಿದ.

"ನಿನ್ನ ಹೆಗಲಿನ ಕಥೆ ಊರಿಗೆ ಹೇಳು. ಮಳೆ ಶುರುವಾದ್ರೆ ಆ ದೋಣಿ ಮರಳಲ್ಲೇ ಹುಗಿದು ಹೋಗುತ್ತೆ. ನಡೆಸೋಕೆ ಆಳಿಲ್ಲ, ಮಾರೋಕೆ ನೀನು ಬಿಡಲ್ಲ. ನಾನು ಏನು ಮಾಡ್ಲಿ, ಹೇಳು. ಅದರ ಮೇಲೆ ಬಟ್ಟೆ ಒಣಗಿಸ್ಲಾ?"

ಆ ಹಲಗೆ ಖಾಲಿ ಇರುವುದನ್ನು ನನ್ನ ಕಣ್ಣು ತಡೆಯುವುದಿಲ್ಲ ಬ್ರಿಜೀತೇ ಅನ್ನುವ ಒಂದು ಮಾತು ಅವನೊಳಗೆ ಎಷ್ಟೋ ತಿಂಗಳಿಂದ ಕೂತಿತ್ತು. ಗಂಡನನ್ನು ಕಳಕೊಂಡವಳ ಮುಂದೆ ತನ್ನ ಸಂಕಟ ಹೇಳಿಕೊಳ್ಳುವುದಕ್ಕೆ ಅವನಿಗೆ ನಾಚಿಕೆ. ಕೈ ಸುಮ್ಮನಿರಲಾರದೆ ಗುಂಡಿ ಒತ್ತಿದ. ರಾಕೆಟ್ಟು ಎದ್ದಿತು, ಮೋಡದ ಹತ್ತಿರ ಹೋಗಿ ವಾಲಿತು, ಮಗುಚಿತು.

ಬ್ರಿಜೀತ ಬಗ್ಗಿ ನೋಡಿದಳು. ಸಿಟ್ಟಿನಲ್ಲಿದ್ದವಳಿಗೂ ಕುತೂಹಲ ತಡೆಯಲಿಲ್ಲ.

"ಇದರ ಒಳಗೆ ಯಾರಿದಾರೆ?"

"ಯಾರೂ ಇಲ್ಲ."

"ಬುಡದಲ್ಲಿ ಏನದು, ಅಷ್ಟೊಂದು ಡಬ್ಬಿ?"

"ಭಾರ. ಮಗುಚಬಾರ್ದು ಅಂತ ಇಟ್ಟಿದ್ದು."

ತಿಂಗಳುಗಟ್ಟಲೆ ಅವನು ಮಾಡುತ್ತಿದ್ದದ್ದು ಅದೇ. ದೋಣಿ ಹೊಯ್ದಾಡಿದರೆ ನಾವು ತಳದಲ್ಲಿ ಮರಳು ತುಂಬುತ್ತೇವೆ, ತಳ ಭಾರವಾದರೆ ದೋಣಿ ನಿಲ್ಲುತ್ತದೆ. ರಾಕೆಟ್ಟು ಮಗುಚಿದಾಗಲೆಲ್ಲ ಅವನೂ ಬುಡಕ್ಕೆ ಇನ್ನೊಂದು ತುಂಬಿದ ಡಬ್ಬಿ ಕಟ್ಟುತ್ತಿದ್ದ. ಅದು ಇನ್ನೂ ಬೇಗ ಮಗುಚುತ್ತಿತ್ತು. ಅವನು ಇನ್ನೊಂದು ಕಟ್ಟುತ್ತಿದ್ದ. ನಮ್ಮವರಲ್ಲದೆ ಬೇರೆ ಯಾರೂ ಇಂಥ ಹಟ ಮಾಡಲಾರರು.

"ಅದು ನೀರಲ್ಲಿ ಕೂತಿರೋ ದೋಣಿಗೆ," ಅಂದಳು ಬ್ರಿಜೀತ. "ಇದು ಎದ್ದು ನಿಂತು ಓಡೋ ಸಾಮಾನು, ನನ್ನ ಹಾಗೆ. ಖಾಲಿ ಬೋಗುಣಿ ಹೊತ್ಕೊಂಡು ಓಡಿದ್ರೆ ಗಾಳಿ ಬಂದು ನನ್ನನ್ನೇ ತಿರುಗಿಸಿಬಿಡುತ್ತೆ. ಮೀನು ತುಂಬಿದ್ರೆ ನೋಡು, ಎರಡೂ ಕೈ ಬಿಟ್ಟು ಬಸ್ಸಿನ ಹಿಂದೆ ಓಡ್ತೀನಿ, ಒಂದು ಬೂತಾಯಿ ಮೀನೂ ಅಲ್ಲಾಡಲ್ಲ. ಭಾರ ತಲೇಲಿರ್ಬೇಕು ಅಣ್ಣಾ."

ಅಷ್ಟು ಹೇಳಿ ಸಿಂಬಿ ತಲೆಗಿಟ್ಟುಕೊಂಡಳು. "ಶನಿವಾರ ಬೆಳಗ್ಗೆ. ಬರ್ದಿದ್ರೆ ಇಗರ್ಜಿ ಗೋಡೆ ಹಿಂದೆ ಬಚ್ಚಿಟ್ಕೊಂಡಿರ್ತೀಯ ಅಂತ ತಿಳ್ಕೋತೀನಿ."

ಅವಳು ಹೋದ ಮೇಲೆ ಪನಿಯಡಿಮ ಬುಡದ ಡಬ್ಬಿಗಳನ್ನು ಒಂದೊಂದಾಗಿ ಕಿತ್ತ. ಬಾಲಕ್ಕೆ ನಾಲ್ಕು ರೆಕ್ಕೆ ಮಾತ್ರ ಉಳಿಸಿದ. ತಲೆಗೆ ಭಾರ ಏನಿಡುವುದು? ಆಟದ ಪೆಟ್ಟಿಗೆಯಲ್ಲಿ ಹುಡುಕಿದ. ತುದಿಗೆ ಒಪ್ಪುವ ಭಾರದ ವಸ್ತು ಅಂತ ಇದ್ದದ್ದು ಒಂದೇ, ಅವನು ಹಿಂದೆ ಕಿತ್ತೆಸೆದಿದ್ದ ಗೂಡು. ಅದನ್ನು ತೆಗೆದಿದ್ದರಿಂದಲೇ ಇಷ್ಟು ದಿನ ಮೂತಿ ಹಗುರಾಗಿತ್ತು ಅನ್ನುವುದು ಆಗ ತಲೆಗೆ ಹೋಯಿತು. ಗೂಡನ್ನು ತುದಿಯಲ್ಲಿಟ್ಟ. ಗೊಂಬೆಯನ್ನು ಕೂರಿಸಲಿಲ್ಲ. ಮೆದುಳಿನ ಡಬ್ಬಿಯನ್ನು ಅದರ ಕೆಳಗೆ ಸೇರಿಸಿದ.

ರಾಕೆಟ್ಟು ಎದ್ದಿತು. ಮೋಡದ ಹತ್ತಿರ ಹೋಯಿತು. ಪನಿಯಡಿಮನ ಕೈ ಮೇಜಿನ ಅಂಚನ್ನು ಹಿಡಿದುಕೊಂಡಿತು. ಮೂತಿ ಒಂದು ಸಲ ನಡುಗಿ ಸುಮ್ಮನಾಯಿತು. ಮೋಡ ಕೆಳಗೆ ಉಳಿಯಿತು, ನೀಲಿ ಹೋಗಿ ಕಪ್ಪಾಯಿತು, ಬೆಂಕಿ ತೀರಿ ಶಬ್ದ ನಿಂತಿತು. ಆಳಿಲ್ಲದ ರಾಕೆಟ್ಟು ತನ್ನ ಪಾಡಿಗೆ ತಾನು ತೇಲುತ್ತಿತ್ತು.

ಲತಿಕ ಕೇಳಿದಳು: "ಬಿತ್ತಾ ಪನಿಯಣ್ಣಾ?"

"ಇಲ್ಲ."

ಲತಿಕ ಮೊದಲ ಸಲ ತಲೆ ಎತ್ತಿದಳು. ಹತ್ತಿರ ಬಂದು ನೋಡಿ, "ಗೆದ್ರಲ್ಲ, ಮತ್ಯಾಕೆ ಹೀಗೆ ಕೂತಿದೀರಿ?" ಅಂದಳು. ಅವನು ಪರದೆಯ ಮೂಲೆಯ ಚೌಕವನ್ನು ತೋರಿಸಿದ. ಗೂಡು ಇದ್ದದ್ದರಿಂದ ಚೌಕವೂ ಇತ್ತು. ಅದರೊಳಗೆ ಖಾಲಿ ಕುರ್ಚಿಯ ಬೆನ್ನು ಕಾಣುತ್ತಿತ್ತು, ಮತ್ತೇನೂ ಇಲ್ಲ. ಲತಿಕಳಿಗೆ ಅರ್ಥವಾಗಲಿಲ್ಲ. ತನ್ನ ಮೇಜಿಗೆ ಹೋದಳು. ಅವನು ಆ ಖಾಲಿ ಕುರ್ಚಿಯನ್ನು ವಾಚನಾಲಯ ಮುಚ್ಚುವ ತನಕ ನೋಡಿದ. ನೋಡಿದರೆ ಸತ್ತುಹೋಗುತ್ತೇನೆ ಅಂದುಕೊಂಡಿದ್ದ, ಹಾಗೇನೂ ಆಗಲಿಲ್ಲ.

ಶನಿವಾರ ಬೆಳಗ್ಗೆ ಅರ್ಧ ಕರೆ ಮರಳ ಮೇಲೆ ಸೇರಿತ್ತು. ಬೋರಲು ಬಿದ್ದಿದ್ದ ದೋಣಿಯನ್ನು ಎತ್ತಿ ನೆಟ್ಟಗೆ ಮಾಡಿ ಎಂಜಿನ್ನು ಕೂರಿಸಿದ್ದರು. ಗ್ರಿಗೋರಿ ಮುದಲಾಳಿ ಬಿಳಿ ಮುಂಡು ಮಡಚಿ ಕಟ್ಟಿಕೊಂಡು ದೋಣಿಯ ಸುತ್ತ ತಿರುಗುತ್ತ, ಗೆಣ್ಣಿನಿಂದ ಕುಟ್ಟಿ ಕುಟ್ಟಿ ನೋಡಿ ಮುಖ ಸಿಂಡರಿಸುತ್ತಿದ್ದ. "ಅಪಶಕುನದ ದೋಣಿ ಬ್ರಿಜೀತೇ, ನಿನ್ನ ಮುಖ ನೋಡಿ ತಗೋತಾ ಇದೀನಿ. ಬೆಲೆ ಮಾತ್ರ ನಾನು ಹೇಳಿದ್ದೇ." ಇಸ್ಪೀಟಿನವರು ರಾಕೆಟ್ಟು ಬರುವುದಿಲ್ಲ ಅಂತ ನಗುತ್ತಿದ್ದರು.

ಪನಿಯಡಿಮ ಬಂದ. ಮುರಿದು ಕೂಡಿದ ಹೆಗಲ ಮೇಲೆಯೇ ಒಂದು ಮರಳಿನ ಮೂಟೆ. ಅದನ್ನಿಳಿಸಿ ಇನ್ನೊಂದನ್ನು ತಂದ. ಮೂತಿಗೆ ಮರಳು ಇಟ್ಟರೆ ದೋಣಿ ಒಬ್ಬನ ಕೈಯಲ್ಲೂ ಹೋಗುತ್ತದೆ ಅಂತ ಅವನಿಗೆ ಮೊದಲು ಗೊತ್ತಿರಲಿಲ್ಲ ಅಂತಲ್ಲ. ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ಸಿಲುವದಾಸನ ಜಾಗದಲ್ಲಿ ಮರಳಿನ ಮೂಟೆಯನ್ನು ಕೂರಿಸುವುದು ಅವನಿಗೆ ಹೇಸಿಗೆ ಆಗಿತ್ತು, ಅಷ್ಟೇ. ಈಗ ಅವನು ಎರಡೂ ಮೂಟೆಗಳನ್ನು ಹಲಗೆಗೆ ತಾಗದ ಹಾಗೆ ಅದರ ಕೆಳಗೆ ತಳ್ಳಿ ಹಗ್ಗದಿಂದ ಬಿಗಿದ. ಹಲಗೆ ಖಾಲಿಯಾಗಿಯೇ ಉಳಿಯಿತು. ಅದರ ಮೇಲೆ ಬಿದ್ದಿದ್ದ ಮರಳನ್ನು ಅಂಗೈಯಿಂದ ಒರೆಸಿದ.

"ತಳ್ಳಿ," ಅಂದ.

ನಗುತ್ತಿದ್ದವರೇ ಬಂದು ತಳ್ಳಿದರು. ಎಂಜಿನ್ನು ಹತ್ತಿತು. ಮೊದಲ ಅಲೆ ದೋಣಿಯನ್ನು ಎತ್ತಿತು. ಬ್ರಿಜೀತ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಮೂತಿ ಮೇಲೆದ್ದು, ಒಂದು ಸಲ ನಡುಗಿ, ಸೀದಾ ಕೆಳಗಿಳಿಯಿತು. ಎರಡನೆಯದನ್ನು ಸೀಳಿತು. ಮೂರನೆಯ ಅಲೆಯ ಹಿಂದೆ ದೋಣಿ ಕಾಣದಾಯಿತು, ಮತ್ತೆ ಕಂಡಿತು, ಆಚೆ ಹೋಗಿತ್ತು.

ಆಚೆ ಪನಿಯಡಿಮ ಎಂಜಿನ್ನು ನಿಲ್ಲಿಸಿದ. ಸಿಲುವದಾಸನ ಬೆನ್ನಿಲ್ಲದ ಹಲಗೆಯಾಚೆ ಸಮುದ್ರ ಪೂರ್ತಿ ಕಾಣುತ್ತಿತ್ತು. ಇಷ್ಟು ದೊಡ್ಡದಿದೆ ಅಂತ ಅವನಿಗೆ ಗೊತ್ತೇ ಇರಲಿಲ್ಲ. ಅವನು ಅತ್ತ, ಯಾರೂ ಇಲ್ಲದ ಜಾಗದಲ್ಲಿ ಗಂಡಸು ಅಳುವ ಹಾಗೆ, ಸ್ವರ ತೆಗೆದು ಅತ್ತ. ಆಮೇಲೆ ಮುಖ ತೊಳೆದುಕೊಂಡು ಎಂಜಿನ್ನಿನ ಹಿಡಿಗೆ ಕೈಹಾಕಿ, ಬಾಯಿ ತಪ್ಪಿ ಕೂಗಿದ: "ಎಡಕ್ಕಾ?"

ಯಾವ ಹೆಗಲೂ ಕುಣಿಯಲಿಲ್ಲ. ಸ್ವಲ್ಪ ಕಾದು, ತಾನೇ ಎಡಕ್ಕೆ ತಿರುಗಿಸಿ ದಡಕ್ಕೆ ತಂದ.

ಗ್ರಿಗೋರಿ ಸೊಂಟದ ಪರ್ಸಿಗೆ ಕೈಹಾಕಿದ್ದ. ಬ್ರಿಜೀತ ಒದ್ದೆ ದೋಣಿಯನ್ನೂ ಅದರೊಳಗೆ ಕೂತವನನ್ನೂ ನೋಡಿದಳು.

"ದೋಣಿ ಕೊಡಲ್ಲ ಮುದಲಾಳಿ," ಅಂದಳು.

"ಏನಮ್ಮಾ ಇದು, ಮಾತು ಕೊಟ್ಟಿದ್ದೆಯಲ್ಲ?"

"ಅಪಶಕುನದ ದೋಣಿ ಅಂತ ನೀವೇ ಅಂದ್ರಲ್ಲ. ನಿಮ್ಮ ಮನೆಗೆ ಯಾಕೆ ಅಪಶಕುನ? ನಮ್ಮ ಹತ್ರಾನೇ ಇರ್ಲಿ." ಆಮೇಲೆ ಪನಿಯಡಿಮನ ಕಡೆ ತಿರುಗಿ, "ವರ್ಷದ ಪೂಜೆ ತನಕ ಮೂಟೆ. ಅದಾದ ಮೇಲೆ ಆಳು ನೋಡೋಣ. ಆಗುತ್ತಾ?" ಅಂತ ಕೇಳಿದಳು.

ಅವನು ಹಲಗೆಯನ್ನು ನೋಡಿ, ಆಗುತ್ತೆ ಅಂತ ತಲೆಯಾಡಿಸಿದ.

ಸೋಮವಾರ ಅವನು ಒಬ್ಬನೇ ಹೋಗಿ ಬಂದ. ಹೆಚ್ಚೇನಿಲ್ಲ, ಬಲೆಯ ಮೂಲೆಯಲ್ಲಿ ಒಂದಿಷ್ಟು ಬಂಗುಡೆ. ಹರಾಜು ಕೂಗುವ ಮುಂಚೆ ಬ್ರಿಜೀತ ಅದರಲ್ಲಿ ದಪ್ಪನೆಯ ನಾಲ್ಕನ್ನು ಆರಿಸಿ ಎಲೆಯಲ್ಲಿ ಸುತ್ತಿ ಅವನ ಕೈಗಿಟ್ಟಳು.

"ತಗೋ ಅಣ್ಣಾ. ಇನ್ಮೇಲೆ ಬಸ್ಸು ಹತ್ತಿ ಮೀನು ತರೋಕೆ ಹೋದ್ರೆ ಕಾಲು ಮುರೀತೀನಿ."

ಪನಿಯಡಿಮನ ಮುಖದ ನೀರಿಳಿಯಿತು. "ನಿನಗೆ ಯಾರು ಹೇಳಿದ್ರು?"

"ಯಾರು ಹೇಳ್ಬೇಕು? ಅಲ್ಲಿ ನಿನಗೆ ಮೀನು ಕೊಡ್ತಾಳಲ್ಲ ಮುದುಕಿ, ದಿನಾ ಅವಳ ಬೋಗುಣಿಗೆ ಮೀನು ಹಾಕೋದು ನಾನು. ನೀನು ಬದನೆಕಾಯಿ ಮುಚ್ಕೊಂಡು ಹೋಗೋದನ್ನ ಮೊದಲ ದಿನಾನೇ ಅಲ್ಲಿ ಕಂಡಿದ್ದೆ, ಅವನು ಬಂದ್ರೆ ಒಳ್ಳೇದನ್ನೇ ಆರಿಸಿ ಕೊಡು ಅಂತ ಅವತ್ತೇ ಅವಳಿಗೆ ಹೇಳಿಟ್ಟಿದ್ದೆ."

ಹೇಳಿ, ಸಿಂಬಿ ಇಟ್ಟು, ತುಂಬಿದ ಬೋಗುಣಿಯನ್ನು ತಲೆಗೇರಿಸಿಕೊಂಡು, ಕೈಬಿಟ್ಟು ಬಸ್ಸಿನ ಕಡೆಗೆ ಓಡಿದಳು. ಪನಿಯಡಿಮ ಎಲೆಯ ಪೊಟ್ಟಣ ಹಿಡಿದುಕೊಂಡು ಮನೆಗೆ ಬಂದ. ಸಾರು ಮಾಡಿ, ಒಂದೇ ತಟ್ಟೆ ಇಟ್ಟುಕೊಂಡು ಕೂತ. ಇಷ್ಟು ತಿಂಗಳು ಈ ತಟ್ಟೆಯಲ್ಲಿ ತಾನು ಉಂಡದ್ದೆಲ್ಲ ಯಾರ ಕೈಯದು ಅಂತ ನೆನೆಯುತ್ತ ಅನ್ನಕ್ಕೆ ಸಾರು ಕಲಸಿದ. ಆಮೇಲೆ ಉಂಡ.